ದೀಪದ ಮಸಿ ತೊಳೆಯುವ ಮುನ್ನ

ಹೋದ ದೀಪಾವಳಿ ಮುಗಿದ ವಾರ ಗಂಗಾವತಿ ಕಡೆಯ ಹುಡುಗನೊಬ್ಬ ಟವೆಲ್ಲಿನಲ್ಲಿ ಸುತ್ತಿಕೊಂಡು ಕಲ್ಲಿನ ದೀಪವೊಂದನ್ನು ತಂದ. ಬಳಪದ ಕಲ್ಲು. ಅಂಗೈ ಅಗಲದ ಬಟ್ಟಲು, ಸುತ್ತಲೂ ಕಮಲದ ಎಸಳು, ಬತ್ತಿ ಕೂರುವಲ್ಲಿ ಗಿಳಿಕೊಕ್ಕಿನಂತೆ ಚಾಚಿದ ಬಾಯಿ. ಅಜ್ಜನ ಮನೆ ಕೆಡವುವಾಗ ಗೋಡೆಯ ಮಾಡದಲ್ಲಿತ್ತಂತೆ.

"ಭಾಳ ಜಿಡ್ಡು ಹಿಡದಿತ್ರಿ ಸರ್. ಆ್ಯಸಿಡ್ ಹಾಕಿ ತಿಕ್ಕೀನಿ. ಹೆಂಗ ಸ್ವಚ್ಛ ಆಗೇತಿ ನೋಡ್ರಿ."

ಕಲ್ಲಿನ ವಸ್ತುಗಳ ಸಂರಕ್ಷಣೆ ನನ್ನ ಕಸುಬು. ಆ ದೀಪ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಎಸಳುಗಳ ಅಂಚು ಮಂಕಾಗಿ, ಬೆರಳು ಸವರಿದರೆ ಬೂದಿಯಂಥ ಪುಡಿ ಅಂಟುತ್ತಿತ್ತು. ಬಳಪದ ಕಲ್ಲು ಮೆದು; ಉಗುರಿಗೂ ಗೀರು ಬೀಳುವಷ್ಟು ಮೆದುವಾದದ್ದೂ ಉಂಟು. ಚಾಲುಕ್ಯರ ಕಾಲದಲ್ಲಿ, 1112ರಲ್ಲಿ, ಮಹಾದೇವ ದಂಡನಾಯಕ ಕಟ್ಟಿಸಿದ ಇಟಗಿಯ ಗುಡಿಯಲ್ಲಿ ಕಂಬಗಳು ಆಭರಣದಂತೆ ಕಾಣುವುದು ಈ ಮೆದುತನದಿಂದಲೇ. ಉಳಿಗೆ ಸುಲಭವಾಗಿ ಒಲಿಯುವ ಈ ಕಲ್ಲಿನಲ್ಲಿ ಸುಣ್ಣದಂಥ ಅಂಶ ಬೆರೆತಿದ್ದರೆ ಆ್ಯಸಿಡ್ ಅದನ್ನು ತಿನ್ನುತ್ತದೆ. ಒಳಗಿನ ಕಬ್ಬಿಣದ ಅಂಶ ಹೊರಬಂದರೆ ತುಕ್ಕಿನ ಬಣ್ಣದ ಕಲೆಯೂ ಕೂರುತ್ತದೆ.

ಕಲ್ಲಿಗಿಂತ ದೊಡ್ಡ ನಷ್ಟ ಆ ಜಿಡ್ಡಿನದು. ವರ್ಷಾನುಗಟ್ಟಲೆ ಎಣ್ಣೆ ಕುಡಿದ ಬಟ್ಟಲಿನ ಸಣ್ಣ ರಂಧ್ರಗಳಲ್ಲಿ ಎಣ್ಣೆಯ ಕೊಬ್ಬು ಉಳಿದಿರುತ್ತದೆ. ಹರಳೆಣ್ಣೆಯಲ್ಲಿರುವ ಒಂದು ಆಮ್ಲ ಬೇರೆ ಅಡುಗೆ ಎಣ್ಣೆಗಳಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಪ್ರಯೋಗಾಲಯದಲ್ಲಿ ಅದು ಸಿಕ್ಕರೆ ಆ ದೀಪದಲ್ಲಿ ಹರಳೆಣ್ಣೆ ಉರಿದಿತ್ತೆಂದು ಹೇಳಬಹುದು. ಇನ್ನೊಂದು ಮಾತು. ಶೇಂಗಾ ಚಾಲುಕ್ಯರ ಕಾಲ ಮುಗಿದು ಎಷ್ಟೋ ಕಾಲದ ಮೇಲೆ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಚಾಲುಕ್ಯರ ಕಾಲದ ದೀಪದಲ್ಲಿ ಶೇಂಗಾ ಎಣ್ಣೆ ಉರಿದಿರಲು ಸಾಧ್ಯವೇ ಇಲ್ಲ. ಎಳ್ಳು, ಹರಳು, ಕುಸುಬೆ, ಹೊಂಗೆ ಇವೆಲ್ಲ ಈ ನೆಲದ ಹಳೆಯ ಎಣ್ಣೆಗಳು. ನಂದಾದೀವಿಗೆಗೆಂದು ಗಾಣಕ್ಕೆ ಇಷ್ಟು ಎಣ್ಣೆ ಎಂದು ದತ್ತಿ ಬಿಟ್ಟ ಶಾಸನಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಸೊಲ್ಲಗೆ, ಮಾನ ಎಂಬ ಅಳತೆಗಳು ಅವುಗಳಲ್ಲಿ ಬರುತ್ತವೆ. ಶಾಸನ ಹೇಳುವ ಆ ಎಣ್ಣೆ ನಮಗೆ ಕೈಗೆ ಸಿಗುವುದಿದ್ದರೆ ಇಂಥ ಬಟ್ಟಲಿನ ತಳದಲ್ಲಿ ಮಾತ್ರ.

ಉರಿದ ದೀಪವನ್ನು ಗುರುತಿಸುವುದಕ್ಕೆ ನಾನು ಮೊದಲು ನೋಡುವುದು ಮಸಿ ಎಲ್ಲಿದೆ ಎಂದು. ನಿಜವಾಗಿ ಉರಿದದ್ದಾದರೆ ಬತ್ತಿಯ ಬಾಯಿ ಕಡುಕಪ್ಪು, ಬಟ್ಟಲು ಕಂದು, ಬುಡ ಕಲ್ಲಿನ ಬಣ್ಣದ್ದೇ. ಆಮೇಲೆ ಬುಡದ ಮೇಲೆ ಒಂದು ಹನಿ ನೀರು, ಬಟ್ಟಲಿನ ಅಂಚಿನಲ್ಲಿ ಒಂದು ಹನಿ. ಬುಡದ ಹನಿ ಹರಡಿ ಕಲ್ಲನ್ನು ನೆನೆಸುತ್ತದೆ. ಎಣ್ಣೆ ಕುಡಿದ ಕಡೆಯದು ಕೆಸುವಿನ ಎಲೆಯ ಮೇಲಿನ ನೀರಿನಂತೆ ದುಂಡಗೆ ನಿಲ್ಲುತ್ತದೆ. ಇದೊಂದನ್ನೇ ನಂಬಿ ತೀರ್ಪು ಕೊಡುವುದಿಲ್ಲ, ಆದರೆ ಮಾರಾಟಕ್ಕೆಂದು ಈಚೆಗೆ ಮಾಡಿದ ದೀಪಗಳು ಬಹಳ ಸಲ ಇಲ್ಲಿಯೇ ಸಿಕ್ಕಿಬೀಳುತ್ತವೆ. ಅವಕ್ಕೆ ಬುಡವೂ ಸೇರಿ ಮೈಯೆಲ್ಲ ಒಂದೇ ಸಮ ಕಪ್ಪು. ಓರೆ ಬೆಳಕಿನಲ್ಲಿ ಹಿಡಿದರೆ ಉಳಿಯ ಚುಕ್ಕಿಗಳ ಬದಲು ಗ್ರೈಂಡರ್ ಚಕ್ರದ ಬಾಗಿದ ಗೆರೆಗಳು ಕಾಣುತ್ತವೆ.

ಕಣಶಿಲೆಯದ್ದೆಲ್ಲ, ಅಂದರೆ ಗ್ರಾನೈಟಿನದ್ದೆಲ್ಲ, ವಿಜಯನಗರದ್ದು, ಬಳಪದ್ದೆಲ್ಲ ಚಾಲುಕ್ಯರದ್ದು ಎಂದು ಮಾರುವವರು ಹೇಳುತ್ತಾರೆ. ಕಲ್ಲಿನ ಜಾತಿಯಿಂದಲೇ ಕಾಲ ಹೇಳಲಾಗದು. ಎಷ್ಟೋ ಸಲ ದೀಪವೆಂದು ತಂದದ್ದು ಬಾಗಿಲಿನ ತಿರುಗುಣಿ ಕೂತು ತಿರುಗುವ ಗುಳಿಯ ಕಲ್ಲಾಗಿರುತ್ತದೆ. ಅದರ ಗುಳಿಯಲ್ಲಿ ಸುತ್ತಲೂ ಉಜ್ಜಿದ ಹೊಳಪಿರುತ್ತದೆ, ಮಸಿ ಇರುವುದಿಲ್ಲ.

ಸಂಗ್ರಹಕಾರರಿಗೆ ಕಾನೂನನ್ನೂ ಹೇಳಲೇಬೇಕು. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ಅನ್ವಯಿಸುತ್ತದೆ. ಕಲ್ಲಿನ ಶಿಲ್ಪಗಳನ್ನು ನೋಂದಣಿ ಅಧಿಕಾರಿಯಲ್ಲಿ ದಾಖಲಿಸಬೇಕು, ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕಿದ್ದಾದರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಹಾಳುಗುಡಿಯಿಂದ ಎತ್ತಿ ತಂದದ್ದನ್ನು ನಾನು ಸಂಗ್ರಹ ಎನ್ನುವುದಿಲ್ಲ, ಕಳವು ಎನ್ನುತ್ತೇನೆ.

ಹುಡುಗನಿಗೆ ಇದನ್ನೆಲ್ಲ ಹೇಳಿದಾಗ ಮುಖ ಸಣ್ಣದು ಮಾಡಿಕೊಂಡ. "ಈಗೇನ್ ಮಾಡ್ಲಿರಿ ಸರ್?" ಎಂದ. ಆ್ಯಸಿಡ್ ಇನ್ನೂ ಒಳಗೆ ಉಳಿದಿರಬಹುದು. ಬಟ್ಟಿ ಇಳಿಸಿದ ನೀರಲ್ಲಿ ನೆನೆಹಾಕಿ ನೀರು ಬದಲಿಸುತ್ತ ಅದನ್ನು ಹೊರಗೆ ತೆಗೆಯೋಣ, ನೆರಳಲ್ಲಿ ಒಣಗಲಿ, ಹೊಳಪಿಗೆಂದು ಎಣ್ಣೆ ಸವರಬೇಡ ಎಂದೆ. ಆಮೇಲೆ ಒಂದು ಹಾಳೆ ಕೊಟ್ಟು ಬರೆಯಲು ಹೇಳಿದೆ: ಯಾವ ಊರು, ಯಾವ ಗೋಡೆಯ ಮಾಡ, ಬಾಯಿ ಯಾವ ದಿಕ್ಕಿಗಿತ್ತು, ಯಾವತ್ತು ತೆಗೆದದ್ದು. ಪಡಸಾಲೆಯ ಮೂಡಲ ಗೋಡೆ ಎಂದು ಬರೆದು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತ. ಕೊನೆಯ ಸಾಲಿನಲ್ಲಿ ಆ್ಯಸಿಡ್‌ನಿಂದ ತೊಳೆದದ್ದನ್ನೂ ತಾನೇ ಸೇರಿಸಿದ.