ತುರ್ತು ಚಿಕಿತ್ಸೆಯ ಗಡಿಯಾರ ಶುರುವಾಗುವುದು ಯಾವಾಗ?

ಚಳಿಗಾಲ ಬಂತೆಂದರೆ ಇಂಗ್ಲೆಂಡಿನಿಂದ ಅದೇ ಸುದ್ದಿ: ವಾರ್ಡಿನಲ್ಲಿ ಹಾಸಿಗೆ ಸಿಗದೆ ರೋಗಿಗಳು ಟ್ರಾಲಿಯ ಮೇಲೇ ರಾತ್ರಿ ಕಳೆದರು. ಎಷ್ಟು ಜನ, ಎಷ್ಟು ಹೊತ್ತು ಎಂದು ಕೇಳಿದರೆ ಒಂದು ಲೆಕ್ಕ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಮಗನೋ ಸೊಸೆಯೋ ಅಲ್ಲಿ ಡಾಕ್ಟರಾಗಿರುವ ಮನೆಗಳು ನಮ್ಮಲ್ಲೂ ಸಾಕಷ್ಟಿವೆ. ಹಾಗಾಗಿ ಈ ಗೋಜಲು ನಮಗೆ ತೀರ ದೂರದ್ದೇನಲ್ಲ.

1937ರಲ್ಲಿ ಲಂಡನ್ನಿಗೆ ತುರ್ತು ಕರೆಯ ಸಂಖ್ಯೆ 999 ಬಂತು, 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹುಟ್ಟಿತು, 1998ರಲ್ಲಿ ಫೋನಿನಲ್ಲೇ ನರ್ಸ್ ಸಲಹೆ ಕೊಡುವ ವ್ಯವಸ್ಥೆ ಶುರುವಾಯಿತು. ಅಸಲಿ ಕಥೆ ಅಲ್ಲಿಂದ ಮುಂದಿನದು. ತುರ್ತು ವಿಭಾಗಕ್ಕೆ ಬಂದವರನ್ನು 4 ಗಂಟೆಯೊಳಗೆ ವಾರ್ಡಿಗೆ ದಾಖಲಿಸಬೇಕು, ಬೇರೆಡೆಗೆ ಕಳಿಸಬೇಕು, ಇಲ್ಲವೇ ಮನೆಗೆ ಕಳಿಸಬೇಕು ಎಂದು 2000ದಲ್ಲಿ ಸರ್ಕಾರ ಯೋಜನೆ ಹಾಕಿತು. 2004ರ ಹೊತ್ತಿಗೆ ಬಂದವರಲ್ಲಿ ಶೇ 98 ಮಂದಿಗೆ ಹೀಗಾಗಬೇಕು ಎಂಬುದು ಗುರಿಯಾಗಿತ್ತು. 2010ರಲ್ಲಿ ಅದನ್ನು ಶೇ 95ಕ್ಕೆ ಇಳಿಸಿದರು.

ಗಡಿಯಾರ ಇಟ್ಟದ್ದರಿಂದ ಕಾಯುವಿಕೆ ನಿಜವಾಗಿಯೂ ಕಡಿಮೆಯಾಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ರೋಗಿಗಳು ವಿಭಾಗ ಬಿಟ್ಟ ಸಮಯವನ್ನು ನಕ್ಷೆಯಲ್ಲಿ ಇಟ್ಟು ನೋಡಿದರೆ 4ನೇ ಗಂಟೆ ಮುಗಿಯುವ ಕೆಲವೇ ನಿಮಿಷ ಮೊದಲು ಗುಡ್ಡದಂತೆ ಒಂದು ಏರು ಕಾಣುತ್ತಿತ್ತು. ಕಾಯಿಲೆಗೆ ಗಡಿಯಾರ ಗೊತ್ತಿರುತ್ತದೆಯೇ?

ಸಮಯ ನಿಮಿಷ ಲೆಕ್ಕದಲ್ಲಿ ದಾಖಲಾಗುತ್ತಿತ್ತು, ಕಾಯಿಲೆ ಮಾತ್ರ ಒರಟಾಗಿ. ರೋಗನಿರ್ಣಯ ಬರೆಯಲು ಇದ್ದದ್ದು ಸುಮಾರು 40 ಖಾನೆಗಳು. ಗಾಯ, ಮೂಳೆ ಮುರಿತ, ವಿಷಪ್ರಾಶನ, ಕೊನೆಗೆ ‘ವರ್ಗೀಕರಿಸಲಾಗದ್ದು’. ಯಾರು ಎಷ್ಟು ಹೊತ್ತು ಕಾದರು ಎಂಬುದು ತಿಳಿಯುತ್ತಿತ್ತು, ಏಕೆ ಬಂದರು ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ. ಇಡೀ ದೇಶದ ಆಸ್ಪತ್ರೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಭಾರೀ ಯೋಜನೆಯೂ 2002ರಲ್ಲಿ ಶುರುವಾಗಿತ್ತು. 2011ರಲ್ಲಿ ಅದನ್ನು ಬಿಚ್ಚಿಹಾಕುವುದಾಗಿ ಸರ್ಕಾರವೇ ಘೋಷಿಸಿತು. ಮೇಲಿನಿಂದ ಕೊಂಡುಕೊಟ್ಟ ತಂತ್ರಾಂಶ ವಾರ್ಡಿನ ಕೆಲಸಕ್ಕೆ ಒಗ್ಗಲಿಲ್ಲ ಎಂಬುದು ಆಗ ಮತ್ತೆ ಮತ್ತೆ ಕೇಳಿಬಂದ ದೂರು.

ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್‌ನವರು, ಅಂದರೆ ವೈದ್ಯಕೀಯವೂ ಗೊತ್ತಿದ್ದು ಡೇಟಾವನ್ನೂ ಬಲ್ಲವರು, ಮುನ್ನೆಲೆಗೆ ಬಂದದ್ದು ಇಂಥ ಹೊತ್ತಿನಲ್ಲಿ. ತುರ್ತು ಚಿಕಿತ್ಸಾ ವೈದ್ಯರ ರಾಯಲ್ ಕಾಲೇಜೂ ಕೈಜೋಡಿಸಿದ ಹೊಸ ಡೇಟಾ ಮಾದರಿ 2017ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಹಳೆಯ ಖಾನೆಗಳ ಬದಲು ಸ್ನೋಮೆಡ್ ಸಿಟಿ ಕೋಡ್‌ಗಳು, ಅಂದರೆ ಒಂದೊಂದು ಕಾಯಿಲೆಗೂ ಚಿಕಿತ್ಸೆಗೂ ಬೇರೆ ಬೇರೆ ಸಂಕೇತ ಕೊಡುವ ಪಟ್ಟಿ, ಬಂದವು. ಬಂದ ಕಾರಣ, ರೋಗನಿರ್ಣಯ, ಕೊಟ್ಟ ಚಿಕಿತ್ಸೆ ಎಲ್ಲಕ್ಕೂ ಬೇರೆ ಬೇರೆ ಜಾಗವಾಯಿತು. ಅದನ್ನು ತುಂಬಬೇಕಾದವರು ಮಾತ್ರ ನಡುರಾತ್ರಿ ಪಾಳಿಯ ಅದೇ ಡಾಕ್ಟರು, ಅದೇ ನರ್ಸು.

ಗಡಿಯಾರದ ತಕರಾರು ಮಾತ್ರ ಹಾಗೇ ಉಳಿಯಿತು. 2015ರ ಜುಲೈ ನಂತರ ಶೇ 95ರ ಗುರಿ ಮುಟ್ಟಿಲ್ಲ. ‘12 ಗಂಟೆ ಕಾದವರು’ ಎಂಬ ಲೆಕ್ಕವಂತೂ ರೋಗಿ ಬಾಗಿಲೊಳಗೆ ಕಾಲಿಟ್ಟ ಕ್ಷಣದಿಂದಲ್ಲ, ವಾರ್ಡಿಗೆ ದಾಖಲಿಸಲು ವೈದ್ಯರು ತೀರ್ಮಾನಿಸಿದ ಕ್ಷಣದಿಂದ ಶುರುವಾಗುತ್ತಿತ್ತು. ಅದಕ್ಕೂ ಮೊದಲು ಬೆಂಚಿನ ಮೇಲೆ ಕಳೆದ ಗಂಟೆಗಳು ಲೆಕ್ಕಕ್ಕೇ ಇಲ್ಲ. ಬಂದ ಕ್ಷಣದಿಂದ ಎಣಿಸಿದ ಅಂಕಿಗಳನ್ನು 2023ರಿಂದ ಪ್ರತಿ ತಿಂಗಳು ಪ್ರಕಟಿಸಲು ಶುರುಮಾಡಿದಾಗ ಸಂಖ್ಯೆ ಹಲವು ಪಟ್ಟು ಏರಿತು. ಹಳೆಯ ಲೆಕ್ಕವನ್ನೂ ಕೈಬಿಟ್ಟಿಲ್ಲ. ಎರಡೂ ಅಕ್ಕಪಕ್ಕ ಪ್ರಕಟವಾಗುತ್ತಿವೆ, ಪತ್ರಿಕೆಗಳು ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಿವೆ.