ವಸಡಿನ ಕೋಶವನ್ನು ತಡೆದು ನಿಲ್ಲಿಸುವ ವಿಷ

ಬದಿಯಡ್ಕದ ಕಡೆಯ ತಾಯಿಯೊಬ್ಬರು ಹದಿನೇಳು ವರ್ಷದ ಮಗಳನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಹುಡುಗಿಯ ಮೇಲಿನ ಬಾಚಿಹಲ್ಲುಗಳ ನಡುವೆ ಒಂದು ವರ್ಷದಿಂದ ಸಂದು ಬೀಳುತ್ತಿತ್ತು, ಕೆಳಗಿನ ಒಂದು ದವಡೆಹಲ್ಲು ಬೆರಳಿಟ್ಟರೆ ಅಲುಗುತ್ತಿತ್ತು. ವಸಡಿನ ರೋಗವೆಂದರೆ ಎಲೆಯಡಿಕೆ ಹಾಕುವ ಹಿರಿಯರ ಕಾಯಿಲೆ ಎಂಬ ನಂಬಿಕೆ ನಮ್ಮ ಕಾಸರಗೋಡಿನಲ್ಲಿ ಗಟ್ಟಿಯಾಗಿರುವುದರಿಂದ, ಆ ತಾಯಿಗೆ ಆತಂಕಕ್ಕಿಂತಲೂ ಅವಮಾನವೇ ಹೆಚ್ಚಾದಂತಿತ್ತು. "ದಿನಕ್ಕೆರಡು ಸಲ ಉಜ್ಜುತ್ತಾಳೆ ಡಾಕ್ಟ್ರೇ, ನಾನೇ ನಿಂತು ನೋಡುತ್ತೇನೆ" ಎಂದರು. ಅವರ ಮಾತು ನಿಜವಾಗಿತ್ತು. ಹಲ್ಲುಗಳ ಮೇಲೆ ಕಲ್ಲುಗಟ್ಟಿದ ಕೊಳೆ ಇರಲಿಲ್ಲವೆಂದೇ ಹೇಳಬೇಕು, ವಸಡೂ ಹೇಳಿಕೊಳ್ಳುವಷ್ಟು ಕೆಂಪಾಗಿರಲಿಲ್ಲ. ಆದರೆ ಎಕ್ಸ್‌ರೇಯಲ್ಲಿ ಮೊದಲ ದವಡೆಹಲ್ಲುಗಳ ಮತ್ತು ಬಾಚಿಹಲ್ಲುಗಳ ಸುತ್ತಲಿನ ಎಲುಬು ಬಟ್ಟಲಿನಂತೆ ಕರಗಿಹೋಗಿತ್ತು. ಉಳಿದ ಹಲ್ಲುಗಳ ಬುಡ ಭದ್ರವಾಗಿತ್ತು.

ಈ ಬಗೆಯ ರೋಗದಲ್ಲಿ ಮತ್ತೆ ಮತ್ತೆ ಕಾಣಸಿಗುವ ಬ್ಯಾಕ್ಟೀರಿಯಾದ ಹೆಸರು ಅಗ್ರಿಗಟಿಬ್ಯಾಕ್ಟರ್ ಆಕ್ಟಿನೊಮೈಸಿಟೆಮ್‌ಕಾಮಿಟಾನ್ಸ್. ಹೆಸರನ್ನು ನೆನಪಿಡುವ ಶಿಕ್ಷೆ ದಂತವೈದ್ಯ ವಿದ್ಯಾರ್ಥಿಗಳಿಗೆ ಮಾತ್ರ ಇರಲಿ. ಅದರ ಬಳಿ ಬಿಳಿ ರಕ್ತಕಣಗಳನ್ನು ನೇರವಾಗಿ ಒಡೆಯುವ ವಿಷವೊಂದಿದೆ. ಅದರ ಜೊತೆಗಿರುವ ಇನ್ನೊಂದು ವಿಷವು ಕೋಶವನ್ನು ತಕ್ಷಣ ಕೊಲ್ಲದೆ, ಅದು ಎರಡಾಗುವುದನ್ನು ತಡೆಯುತ್ತದೆ. ಸೈಟೊಲೀಥಲ್ ಡಿಸ್ಟೆಂಡಿಂಗ್ ಟಾಕ್ಸಿನ್, ಅಂದರೆ ಸಿಡಿಟಿ ಎಂದು ಕರೆಯಲಾಗುವ ಇದನ್ನು 1980ರ ದಶಕದ ಕೊನೆಯಲ್ಲಿ ಕೆನಡಾದ ಜಾನ್ಸನ್ ಮತ್ತು ಲಿಯೋರ್ ಭೇದಿಗೆ ಸಂಬಂಧಿಸಿದ ಬ್ಯಾಕ್ಟೀರಿಯಾಗಳಲ್ಲಿ ಗುರುತಿಸಿದರು. ಬಾಯಿಯ ಈ ಬ್ಯಾಕ್ಟೀರಿಯಾದಲ್ಲಿಯೂ ಅದು ಇದೆಯೆಂದು ತಿಳಿದದ್ದು ಸುಮಾರು ಹತ್ತು ವರ್ಷಗಳ ಬಳಿಕ.

ವಿಭಜನೆಗೆ ಹೊರಟ ಕೋಶವು ಮೊದಲು ಬೆಳೆಯುತ್ತದೆ, ಆಮೇಲೆ ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ, ಪ್ರತಿ ಸರಿಯಾಗಿದೆಯೇ ಎಂದು ನೋಡಿಕೊಂಡು ಕೊನೆಗೆ ಎರಡಾಗುತ್ತದೆ. ಎರಡಾಗುವ ಮುಂಚೆ ಪರಿಶೀಲನೆ ನಡೆಯುವ ಘಟ್ಟಕ್ಕೆ ಜಿ-2 ಎಂದು ಹೆಸರು. ಸಿಡಿಟಿಯ ಮೂರು ಭಾಗಗಳಲ್ಲಿ ಎರಡು ಕೋಶದ ಹೊರಪೊರೆಗೆ ಅಂಟಿಕೊಂಡು ಮೂರನೆಯದನ್ನು ಒಳಗೆ ಬಿಡುತ್ತವೆ. ಒಳಹೊಕ್ಕ ಆ ಭಾಗ, ನಮ್ಮ ದೇಹದಲ್ಲೇ ಡಿಎನ್‌ಎ ಕತ್ತರಿಸುವ ಒಂದು ಕಿಣ್ವವನ್ನು ಹೋಲುತ್ತದೆ. ಅದು ಕೋಶಕೇಂದ್ರದವರೆಗೆ ಸಾಗಿ ಡಿಎನ್‌ಎಯ ಎಳೆಗಳನ್ನು ಕತ್ತರಿಸುತ್ತದೆ. ಮುಂದಿನದೆಲ್ಲವನ್ನೂ ಕೋಶ ತಾನಾಗಿಯೇ ಮಾಡಿಕೊಳ್ಳುತ್ತದೆ. ಕತ್ತರಿಸಿದ ಜಾಗವನ್ನು ಎಟಿಎಂ ಎಂಬ ಪ್ರೋಟೀನ್ ಗುರುತಿಸಿ ಚೆಕ್-2 ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಚೆಕ್-2 ಸಿಡಿಸಿ-25 ಎಂಬ ಪ್ರೋಟೀನಿನ ಕೈ ಕಟ್ಟುತ್ತದೆ. ಸಿಡಿಸಿ-25 ಬಂದು ಬಿಡಿಸಬೇಕಾಗಿದ್ದ ಸಿಡಿಕೆ-1, ಅಂದರೆ ವಿಭಜನೆಗೆ ಚಾಲನೆ ಕೊಡುವ ಕಿಣ್ವ, ನಿಷ್ಕ್ರಿಯವಾಗಿಯೇ ಉಳಿಯುತ್ತದೆ.

2020ರಲ್ಲಿ ಕೋವಿಡ್ ವೇಳೆ ಕರ್ನಾಟಕ-ಕೇರಳ ನಡುವಿನ ತಲಪಾಡಿಯ ಗಡಿ ಮುಚ್ಚಿದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಈ ವಿಷ ತನಿಖಾ ಠಾಣೆಯನ್ನು ಒಡೆದು ನುಗ್ಗುವುದಿಲ್ಲ. ಠಾಣೆಯವರು ನಿಯಮದಂತೆಯೇ ಗೇಟು ಹಾಕಬೇಕಾಗುವಂಥ ಕಾರಣವನ್ನು ಒಳಗಡೆ ಸೃಷ್ಟಿಸುತ್ತದೆ. ಅತ್ತ ಎರಡಾಗಲೂ ಆಗದೆ, ಇತ್ತ ಬೆಳೆಯುವುದನ್ನು ನಿಲ್ಲಿಸಲೂ ಆಗದೆ ಕೋಶ ದಿನದಿಂದ ದಿನಕ್ಕೆ ಊದಿಕೊಳ್ಳುತ್ತದೆ. ವಿಷದ ಹೆಸರಿನಲ್ಲಿರುವ ಡಿಸ್ಟೆಂಡಿಂಗ್ ಎಂಬ ಪದ ಈ ಊತವನ್ನೇ ಹೇಳುತ್ತದೆ. ಹೀಗೆ ನಿಂತ ಕೋಶಗಳಲ್ಲಿ ಹಲವು ಕೊನೆಗೆ ಸಾಯುತ್ತವೆ.

ವಸಡಿನಲ್ಲಿ ಇದರ ಪರಿಣಾಮ ದೊಡ್ಡದು. ವಸಡು ಹಲ್ಲಿಗೆ ಅಂಟಿಕೊಳ್ಳುವ ಕಡೆಯ ಪದರ ದೇಹದಲ್ಲೇ ಅತಿ ಬೇಗ ಹೊಸದಾಗುವ ಪದರಗಳಲ್ಲಿ ಒಂದು. ಹಳೆಯ ಕೋಶಗಳು ಕಳಚಿ ಬೀಳುವಾಗ ತಮಗೆ ಅಂಟಿದ ಬ್ಯಾಕ್ಟೀರಿಯಾಗಳನ್ನೂ ಹೊತ್ತುಕೊಂಡು ಹೋಗುತ್ತವೆ. ವಿಭಜನೆ ನಿಂತರೆ ಈ ಗುಡಿಸುವಿಕೆಯೂ ನಿಲ್ಲುತ್ತದೆ, ಪದರ ತೆಳುವಾಗುತ್ತದೆ. ರೋಗನಿರೋಧಕ ಕೋಶಗಳಾದ ಲಿಂಫೊಸೈಟುಗಳು ಶತ್ರುವನ್ನು ಎದುರಿಸಲು ಸಂಖ್ಯೆಯಲ್ಲಿ ಹೆಚ್ಚಲೇಬೇಕು. ಅವೂ ಇದೇ ಗೇಟಿನಲ್ಲಿ ಸಿಕ್ಕಿಬೀಳುತ್ತವೆ. ಎಲುಬು ಇಷ್ಟು ಕರಗಿದ್ದರೂ ವಸಡು ಕೆಂಪಾಗದೆ ಸುಮ್ಮನಿದ್ದುದಕ್ಕೆ ಇದೂ ಒಂದು ಕಾರಣವಿರಬಹುದೆಂಬುದು ನನ್ನ ಅನಿಸಿಕೆಯೇ ಹೊರತು ಸಾಬೀತಾದ ಮಾತಲ್ಲ. ಎಲುಬಿನ ವಿಷಯದಲ್ಲಿ ಪ್ರಯೋಗಾಲಯದ ಪುರಾವೆ ಇನ್ನಷ್ಟು ಸ್ಪಷ್ಟವಾಗಿದೆ: ಸಿಡಿಟಿ ತಗುಲಿದ ವಸಡಿನ ನಾರುಕೋಶಗಳು ರ್‍ಯಾಂಕ್‌ಎಲ್ ಎಂಬ ಸಂಕೇತವನ್ನು ಹೆಚ್ಚಾಗಿ ಹೊರಡಿಸುತ್ತವೆ, ಎಲುಬು ಕರಗಿಸುವ ಕೋಶಗಳು ರೂಪುಗೊಳ್ಳಲು ಬೇಕಾದದ್ದು ಆ ಸಂಕೇತವೇ.

ಇದು ಬಾಯಿಗೆ ಸೀಮಿತವಾದ ತಂತ್ರವಲ್ಲ. ಸರಿಯಾಗಿ ಬೇಯದ ಕೋಳಿಮಾಂಸದಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಇದೇ ವಿಷವನ್ನು ಹೊಂದಿದೆ. ಟೈಫಾಯ್ಡ್ ಬ್ಯಾಕ್ಟೀರಿಯಾ ಇದೇ ಕತ್ತರಿಯನ್ನು ಬೇರೆ ಹಿಡಿಗೆ ಕಟ್ಟಿಕೊಂಡಿದೆ. ತದ್ವಿರುದ್ಧ ದಾರಿಯೂ ಉಂಟು: ಪಾಸ್ಚುರೆಲ್ಲಾದ ಒಂದು ವಿಷ ಕೋಶಗಳನ್ನು ವಿಭಜನೆಗೆ ದೂಡುತ್ತದೆ, ಆದರೂ ಹಂದಿಗಳ ಮೂಗಿನ ಎಲುಬನ್ನು ಕರಗಿಸುತ್ತದೆ.

ಈ ಬ್ಯಾಕ್ಟೀರಿಯಾ ವಸಡಿನ ಕೋಶಗಳ ಒಳಗೂ ಸೇರಿಕೊಳ್ಳುವುದರಿಂದ ಬೇರುಗಳನ್ನು ಕೆರೆದು ಶುಚಿಗೊಳಿಸುವುದಷ್ಟೇ ಸಾಲದೆಂದು ಆ ಹುಡುಗಿಗೆ ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಅನ್ನು ಒಟ್ಟಿಗೆ ಕೊಟ್ಟೆ. ಆಂಟಿಬಯಾಟಿಕ್ ಬರೆಯುವುದರಲ್ಲಿ ನಾನು ಜಿಪುಣ; ಆದರೆ ಇದು ಅದು ನಿಜವಾಗಿ ಬೇಕಾಗುವ ಕೆಲವೇ ಸಂದರ್ಭಗಳಲ್ಲಿ ಒಂದು. ಅಂಗಡಿಯಲ್ಲಿ ಕೇಳಿ ಮೂರು ದಿನ ನುಂಗಿ ಬಿಡುವ ಮಾತ್ರೆಗಳಿಂದ ಪ್ರಯೋಜನವಿಲ್ಲ, ಏಕೆಂದರೆ ಹಲ್ಲಿಗೆ ಅಂಟಿದ ಪದರವನ್ನು ಮೊದಲು ಕದಡದೆ ಔಷಧ ಒಳಕ್ಕೆ ಮುಟ್ಟುವುದಿಲ್ಲ.

ಈ ರೋಗ ಒಡಹುಟ್ಟಿದವರಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಾದ್ದರಿಂದ ತಮ್ಮನನ್ನೂ ಕರೆತರಲು ಹೇಳಿದ್ದೆ. ಹದಿಮೂರರ ಆ ಹುಡುಗನಿಗೆ ಯಾವ ತೊಂದರೆಯೂ ಇರಲಿಲ್ಲ, ನೋವೂ ಇಲ್ಲ, ಹಲ್ಲಿನ ಸಂದೂ ಇಲ್ಲ. ಅಳತೆಯ ಕಡ್ಡಿಯನ್ನು ಕೆಳಗಿನ ಮೊದಲ ದವಡೆಹಲ್ಲಿನ ಪಕ್ಕದಲ್ಲಿ ಇಳಿಸಿದಾಗ, ಮೂರು ಮಿಲಿಮೀಟರಿಗೆ ನಿಲ್ಲಬೇಕಾಗಿದ್ದದ್ದು ಐದರವರೆಗೆ ಇಳಿಯಿತು.