ತಗಡಿನ ಚಾವಣಿಯಿಂದ ನೀರು ಆವಿಯಾಗುತ್ತಾ?

ಬೇಸಿಗೆ ಬಂತೆಂದರೆ ವಾಟ್ಸಾಪಿನಲ್ಲಿ ಕೆಂಪು ನಕ್ಷೆಗಳ ಓಡಾಟ ಶುರು. 2022ರ ಏಪ್ರಿಲ್ ಕೊನೆಯಲ್ಲಿ ಯುರೋಪಿನ ಸೆಂಟಿನೆಲ್-3 ಉಪಗ್ರಹ ಗುಜರಾತಿನ ಕೆಲವೆಡೆ 60 ಡಿಗ್ರಿ ದಾಟಿದ್ದನ್ನು ತೋರಿಸಿತ್ತು. ಅದು ನೆಲದ ಬಿಸಿ, ಗಾಳಿಯದ್ದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ.

ಈಗ ಇನ್ನೊಂದು ನಕ್ಷೆ ಬಂದಿದೆ. ಊರಿನ ಯಾವ ಮೂಲೆಯ ಮಣ್ಣು, ಕೆರೆ, ಎಲೆಗಳಿಂದ ಎಷ್ಟು ನೀರು ಆವಿಯಾಗುತ್ತಿದೆ ಎಂದು ಬಣ್ಣ ಹಚ್ಚಿ ತೋರಿಸುವಂಥದ್ದು. ನೋಡಿದವರು ಉಪಗ್ರಹ ಆವಿಯನ್ನೇ ಅಳೆದಿದೆ ಅಂದುಕೊಳ್ಳುತ್ತಾರೆ. ಅದು ಅಳೆಯುವುದು ನೆಲ ಪ್ರತಿಫಲಿಸುವ ಬೆಳಕು ಮತ್ತು ಸೂಸುವ ಶಾಖವನ್ನು ಮಾತ್ರ. ಕಣ್ಣಿಗೆ ಕಾಣದ ಈ ಶಾಖಕಿರಣ ಇದೆ ಎಂದು 1800ರಲ್ಲಿ ಕಂಡುಹಿಡಿದವನು ವಿಲಿಯಂ ಹರ್ಷೆಲ್. ಮೊದಲು ಸಂಗೀತಗಾರ, ಆಮೇಲೆ ಖಗೋಳ ವಿಜ್ಞಾನಿ. ಪಟ್ಟಕದಿಂದ ಬಿದ್ದ ಕೆಂಪು ಬಣ್ಣದ ಆಚೆ, ಏನೂ ಕಾಣದ ಕಡೆ ಥರ್ಮಾಮೀಟರ್ ಇಟ್ಟ. ಪಾದರಸ ಅಲ್ಲೇ ಜಾಸ್ತಿ ಏರಿತು!

ಆವಿಯ ಲೆಕ್ಕ ಮನೆಖರ್ಚಿನ ಲೆಕ್ಕದ ಹಾಗೆ. ಬಿಸಿಲಿನಿಂದ ಬಂದ ಶಕ್ತಿ ಸಂಬಳ. ನೆಲದೊಳಕ್ಕೆ ಇಳಿದದ್ದು ಒಂದು ಖರ್ಚು, ಗಾಳಿ ಕಾಯಿಸಿದ್ದು ಇನ್ನೊಂದು. ಇವೆರಡನ್ನೂ ಕಳೆದು ಉಳಿದದ್ದು ನೀರನ್ನು ಆವಿ ಮಾಡಲು ಹೋಗಿದೆ ಅಂತ ಅರ್ಥ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24.5 ಲಕ್ಷ ಜೂಲ್ ಬೇಕು, ಅಂದರೆ ಕರೆಂಟ್ ಬಿಲ್ಲಿನ ಮೂರನೇ ಎರಡು ಯೂನಿಟ್. 240 ಎಕರೆಯ ಲಾಲ್‌ಬಾಗಿನಿಂದ ದಿನಕ್ಕೆ ಒಂದೇ ಒಂದು ಮಿಲಿಮೀಟರ್ ಹಾರಿಹೋದರೂ ಸುಮಾರು 9.7 ಲಕ್ಷ ಲೀಟರ್. ಅದು ಹೀರುವ ಶಾಖ 6.6 ಲಕ್ಷ ಯೂನಿಟ್! ಅದೂ ಪುಕ್ಕಟೆ.

ನೆದರ್ಲೆಂಡ್ಸಿನ ವಿಮ್ ಬಾಸ್ಟಿಯಾನ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಸೆಬಾಲ್ ಎಂಬ ವಿಧಾನ ಈ ಆವಿಯ ಲೆಕ್ಕವನ್ನು ಉಪಗ್ರಹದ ಚಿತ್ರದಿಂದ ಜಾಣತನದಿಂದ ಮಾಡುತ್ತದೆ. ಚಿತ್ರದಲ್ಲಿ ತುಂಬಾ ಬಿಸಿಯಾದ ಒಣ ಚುಕ್ಕೆಯೊಂದನ್ನು ಹುಡುಕು, ಅಲ್ಲಿ ಆವಿ ಸೊನ್ನೆ. ತುಂಬಾ ತಂಪಾದ ಹಸಿ ಚುಕ್ಕೆಯೊಂದನ್ನು ಹಿಡಿ, ಅಲ್ಲಿ ಶಕ್ತಿಯೆಲ್ಲ ಆವಿಗೆ. ಉಳಿದ ಜಾಗಗಳು ಈ ಎರಡರ ನಡುವೆ. ಗದ್ದೆ, ಹೊಲಗಳಲ್ಲಿ ಚೆನ್ನಾಗಿ ನಡೆಯುತ್ತದೆ.

ಪಟ್ಟಣದಲ್ಲಿ ಎಡವುತ್ತದೆ. ಬಣ್ಣ ಬಳಿಯದ ಹೊಸ ಜಿಂಕ್ ಶೀಟನ್ನೇ ನೋಡಿ. ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತದೆ. ಆದರೆ ಹೊಳೆಯುವ ಲೋಹ ಶಾಖಕಿರಣ ಸೂಸುವುದು ಬಹಳ ಕಡಿಮೆ. ಮೇಲಿನ ತಣ್ಣನೆ ಆಕಾಶವನ್ನೇ ಪ್ರತಿಫಲಿಸುತ್ತದೆ. ಉಪಗ್ರಹಕ್ಕೆ ಅದು ತಂಪಾಗಿ ಕಾಣುತ್ತದೆ. ತಂಪು ಅಂದರೆ ಆವಿ ಎಂದು ನಂಬಿದ ಕಂಪ್ಯೂಟರ್, ಶೀಟ್ ಮನೆಯ ಮೇಲಿಂದ ತೋಟದಷ್ಟು ನೀರು ಹಾರುತ್ತಿದೆ ಎಂದು ಬರೆದುಬಿಡುತ್ತದೆ! ಎತ್ತರದ ಕಟ್ಟಡದ ನೆರಳಿನದೂ ಇದೇ ಕಥೆ. ಹಾಗಾಗಿ ಯಾವ ಚಾವಣಿ ಯಾವ ವಸ್ತುವಿನದು ಎಂದು ಮೊದಲೇ ಗುರುತಿಸಿ, ತಿದ್ದುಪಡಿ ಹಾಕಲೇಬೇಕು. ಕಾಂಕ್ರೀಟು ಹಗಲೆಲ್ಲ ಬಚ್ಚಿಟ್ಟುಕೊಳ್ಳುವ ಶಾಖ, ಏಸಿ ಮತ್ತು ವಾಹನಗಳು ಹೊರಹಾಕುವ ಶಾಖ, ಇವೂ ಲೆಕ್ಕಕ್ಕೆ ಬರಬೇಕು. ಈ ತಲೆನೋವೇ ಬೇಡವೆಂದೋ ಏನೋ, ನಾಸಾದ ಮೋಡಿಸ್ ಉಪಕರಣದ ಮಾಹಿತಿಯಿಂದ ಮಾಡುವ ಜಾಗತಿಕ ಆವಿ ನಕ್ಷೆಯಲ್ಲಿ ನಗರಗಳಿಗೆ ಅಂಕಿಯನ್ನೇ ಕೊಟ್ಟಿಲ್ಲ.

ಚಿತ್ರದ ಚುಕ್ಕೆಯೂ ಸಣ್ಣದಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್-8 ಉಪಗ್ರಹದ ಶಾಖದ ಚುಕ್ಕೆ 100 ಮೀಟರ್ ಅಗಲ. ರಸ್ತೆಯೇ ಇಲ್ಲ ಅಂದುಕೊಂಡರೆ ಅದರಲ್ಲಿ ಹತ್ತಿರ ಹತ್ತಿರ 90 '30-40' ಸೈಟು ಹಿಡಿಯುತ್ತವೆ. ಮರ, ಟಾರು, ಟೆರೇಸು, ನೀರಿನ ಟ್ಯಾಂಕು ಎಲ್ಲಕ್ಕೂ ಸೇರಿ ಒಂದೇ ಸಂಖ್ಯೆ. ಅದೂ 16 ದಿನಕ್ಕೊಮ್ಮೆ, ಬೆಳಗ್ಗೆ ಹತ್ತೂವರೆ ಆಸುಪಾಸಿನ ಒಂದು ಕ್ಷಣದ್ದು. 2021ರಲ್ಲಿ ಲ್ಯಾಂಡ್‌ಸ್ಯಾಟ್-9 ಜೊತೆಯಾದ ಮೇಲೆ ಅಂತರ 8 ದಿನಕ್ಕಿಳಿದಿದೆ. ಮೋಡ ಕವಿದರೆ ಅದೂ ಇಲ್ಲ.

ಇಷ್ಟೆಲ್ಲ ಕಷ್ಟದ ನಡುವೆಯೂ ಈ ಚಿತ್ರಗಳು ಒಂದು ತಮಾಷೆ ತೋರಿಸಿವೆ. ಕಡುಬೇಸಿಗೆಯ ಹಗಲಿನಲ್ಲಿ ನಮ್ಮ ದೇಶದ ಹಲವು ಊರುಗಳ ನೆಲ, ಸುತ್ತಲಿನ ಹೊಲಗಳಿಗಿಂತ ತಂಪಾಗಿರುತ್ತದೆ. ಕೊಯ್ಲಾದ ಹೊಲದಲ್ಲಿ ಆವಿಯಾಗಲು ನೀರೆಲ್ಲಿದೆ? ಊರೊಳಗಾದರೆ ಬೇರು ಆಳಕ್ಕಿಳಿಸಿದ ಮರಗಳಿವೆ, ಪೈಪ್ ಹಿಡಿದು ನೀರು ಬಿಡುವ ಲಾನುಗಳಿವೆ. ರಾತ್ರಿಯಾದರೆ ಲೆಕ್ಕ ತಿರುಗಾಮುರುಗಾ: ಹೊಲ ಬೇಗ ತಣ್ಣಗಾಗುತ್ತದೆ, ಊರು ಕಾಂಕ್ರೀಟಿನ ಶಾಖ ಬಿಡುತ್ತಾ ಕೂರುತ್ತದೆ.